ಶ್ರೀ ಶಂಕರ್ ನಾಗ್: ಜೀವನ ಪರಿಚಯ ಮತ್ತು ಸುರಕ್ಷಿತ ವಾಹನ ಚಾಲನೆ

ಪೀಠಿಕೆ

ಅಗ್ನಿಶಾಮಕ ಹಾಗೂ ತುರ್ತು ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸುವ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ ಈ ಲೇಖನವನ್ನು ನೀಡಲಾಗಿದೆ. ಅಗ್ನಿಶಾಮಕ ವಾಹನಗಳ ಸುರಕ್ಷಿತ ಚಾಲನೆ ಕೇವಲ ಇಲಾಖೆಯ ಚಾಲಕರಿಗೆ ಸಂಬಂಧಿಸಿದ ವಿಷಯವಲ್ಲ. ಅದೇ ರಸ್ತೆಯಲ್ಲಿ ಸಾಗುವ ಕಾರು, ಲಾರಿ, ಟ್ರ್ಯಾಕ್ಟರ್, ಆಟೋರಿಕ್ಷಾ, ದ್ವಿಚಕ್ರ ವಾಹನ ಮತ್ತು ಎತ್ತಿನ ಗಾಡಿಯ ಚಾಲಕರೂ ಅದರಲ್ಲಿ ಪಾಲುದಾರರು. ರಸ್ತೆಯಲ್ಲಿ ಒಂದು ಕ್ಷಣದಲ್ಲಿ ಆಗುವ ನಷ್ಟ ಎಷ್ಟು ದೊಡ್ಡದಾಗಿರಬಲ್ಲುದು ಎಂಬುದನ್ನು ಅಂಕಿ ಅಂಶಗಳಿಗಿಂತ ಒಬ್ಬ ವ್ಯಕ್ತಿಯ ಜೀವನವು ಹೆಚ್ಚು ಸ್ಪಷ್ಟವಾಗಿ ತಿಳಿಸುತ್ತದೆ. ಆ ಕಾರಣದಿಂದ ಕನ್ನಡ ನಾಡಿನ ಹೆಸರಾಂತ ನಟ ಹಾಗೂ ನಿರ್ದೇಶಕರಾಗಿದ್ದ ದಿವಂಗತ ಶ್ರೀ ಶಂಕರ್ ನಾಗ್ ಅವರ ಜೀವನವನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ಶ್ರೀ ಶಂಕರ್ ನಾಗ್ ಅವರ ಹೆಸರನ್ನು ಇಲ್ಲಿ ಆಯ್ದುಕೊಳ್ಳಲು ಮೂರು ಕಾರಣಗಳಿವೆ. ಮೊದಲನೆಯದಾಗಿ, ಅವರು ರಸ್ತೆ ಅಪಘಾತವನ್ನೇ ವಸ್ತುವಾಗಿಸಿಕೊಂಡು ಚಲನಚಿತ್ರವೊಂದನ್ನು ನಿರ್ದೇಶಿಸಿದವರು. ಎರಡನೆಯದಾಗಿ, ರಾಜ್ಯದ ಆಟೋರಿಕ್ಷಾ ಚಾಲಕರು ಇಂದಿಗೂ ತಮ್ಮವರೆಂದು ಭಾವಿಸುವ ಕಲಾವಿದರು. ಮೂರನೆಯದಾಗಿ, ಅವರು ನಿಧನರಾದದ್ದು ರಸ್ತೆ ಅಪಘಾತದಲ್ಲಿ. ಆ ಸ್ಥಳವು ಅಂದು ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು.

ಜನನ ಮತ್ತು ಬಾಲ್ಯ

ಶ್ರೀ ಶಂಕರ್ ನಾಗ್ ಅವರು 1954ನೇ ಇಸವಿ ನವೆಂಬರ್ 9ರಂದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಮಲ್ಲಾಪುರದಲ್ಲಿ ಜನಿಸಿದರು. ತಂದೆ ಸದಾನಂದ ನಾಗರಕಟ್ಟೆ, ತಾಯಿ ಆನಂದಿ. ಮನೆಮಾತು ಕೊಂಕಣಿ. ಹಿರಿಯ ಸಹೋದರ ಶ್ರೀ ಅನಂತ್ ನಾಗ್ ಅವರೂ ಮುಂದೆ ಕನ್ನಡ ಚಲನಚಿತ್ರ ರಂಗದ ಪ್ರಮುಖ ನಟರಾದರು. ಇಬ್ಬರು ಸಹೋದರರ ವೃತ್ತಿಜೀವನವು ಹಲವು ಚಿತ್ರಗಳಲ್ಲಿ ಒಂದಕ್ಕೊಂದು ಪೂರಕವಾಗಿ ಸಾಗಿದುದನ್ನು ಕಾಣಬಹುದಾಗಿದೆ.

ಕರಾವಳಿಯ ಹಳ್ಳಿಯಿಂದ ಮುಂಬಯಿಗೆ ಹೋದ ಶಂಕರ್ ನಾಗ್ ಅವರು ಅಲ್ಲಿ ವಿದ್ಯಾಭ್ಯಾಸ ಮುಗಿಸಿ ಬ್ಯಾಂಕ್ ಒಂದರಲ್ಲಿ ಉದ್ಯೋಗಕ್ಕೆ ಸೇರಿದರು. ಆ ಕಾಲದಲ್ಲಿ ಬ್ಯಾಂಕಿನ ನೌಕರಿ ಮಧ್ಯಮ ವರ್ಗದ ಕುಟುಂಬಕ್ಕೆ ಭದ್ರತೆಯ ಇನ್ನೊಂದು ಹೆಸರಾಗಿತ್ತು. ಆದರೆ ಅವರ ಮನಸ್ಸು ಲೆಕ್ಕದ ಪುಸ್ತಕಕ್ಕಿಂತ ರಂಗಭೂಮಿಯ ಕಡೆಗೆ ವಾಲಿತ್ತು. ಮುಂಬಯಿಯ ಮರಾಠಿ ರಂಗಭೂಮಿಯು ಅಂದು ಹೊಸ ಪ್ರಯೋಗಗಳಿಂದ ಕೂಡಿತ್ತು. ಅಲ್ಲಿ ಅವರು ನಟನೆ, ಬರವಣಿಗೆ ಹಾಗೂ ರಂಗದ ಹಿಂದಿನ ಕೆಲಸಗಳೆಲ್ಲವನ್ನೂ ಕಲಿತರು. ಮುಂದೆ ಅವರ ಪತ್ನಿಯಾದ ಶ್ರೀಮತಿ ಅರುಂಧತಿ ನಾಗ್ ಅವರ ಪರಿಚಯವಾದದ್ದೂ ರಂಗಭೂಮಿಯಲ್ಲಿಯೇ.

ರಂಗಭೂಮಿಯಿಂದ ಚಲನಚಿತ್ರಕ್ಕೆ

1978ರಲ್ಲಿ ಶ್ರೀ ಗಿರೀಶ್ ಕಾರ್ನಾಡ್ ಅವರ ನಿರ್ದೇಶನದ ಒಂದಾನೊಂದು ಕಾಲದಲ್ಲಿ ಎಂಬ ಚಿತ್ರದ ಮೂಲಕ ಶಂಕರ್ ನಾಗ್ ಅವರು ಕನ್ನಡ ಚಲನಚಿತ್ರ ರಂಗವನ್ನು ಪ್ರವೇಶಿಸಿದರು. ಮಧ್ಯಯುಗದ ಕೂಲಿ ಯೋಧನೊಬ್ಬನ ಪಾತ್ರವನ್ನು ಅವರು ಈ ಚಿತ್ರದಲ್ಲಿ ನಿರ್ವಹಿಸಿದರು. ಈ ಪಾತ್ರಕ್ಕಾಗಿ 1979ರ ಭಾರತ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ದೊರೆಯಿತು. ಮೊದಲ ಚಿತ್ರದಲ್ಲಿಯೇ ಇಂತಹ ಮನ್ನಣೆ ಪಡೆದ ನಟರು ವಿರಳ.

ಅಲ್ಲಿಂದ 1990ರವರೆಗಿನ ಸುಮಾರು 12 ವರ್ಷಗಳ ಅವಧಿಯಲ್ಲಿ ಅವರು ನಟಿಸಿದ ಚಿತ್ರಗಳ ಸಂಖ್ಯೆ ಸುಮಾರು 80. ಅಂದರೆ ವರ್ಷವೊಂದಕ್ಕೆ ಸರಾಸರಿ ಆರಕ್ಕೂ ಹೆಚ್ಚು ಚಿತ್ರಗಳು. ಇದರ ಜೊತೆಗೆ ಚಿತ್ರ ನಿರ್ದೇಶನ, ದೂರದರ್ಶನ ಧಾರಾವಾಹಿ, ನಾಟಕಗಳ ಪ್ರದರ್ಶನ ಮತ್ತು ಧ್ವನಿಮುದ್ರಣ ಕೇಂದ್ರದ ನಿರ್ವಹಣೆಯೂ ನಡೆದಿತ್ತು. ಬೆಂಗಳೂರಿನಲ್ಲಿ ಸಂಕೇತ್ ಎಂಬ ಹೆಸರಿನ ನಾಟಕ ತಂಡವನ್ನು ಕಟ್ಟಿ, ಚಿತ್ರರಂಗದಲ್ಲಿ ಬಿಡುವಿಲ್ಲದ ನಟರಾಗಿದ್ದಾಗಲೂ ರಂಗದ ಮೇಲೆ ಕಾಣಿಸಿಕೊಳ್ಳುತ್ತಿದ್ದರು. ನೋಡಿ ಸ್ವಾಮಿ ನಾವಿರೋದು ಹೀಗೆ ಎಂಬ ಕೃತಿಯನ್ನು ನಾಟಕವಾಗಿಯೂ ಚಲನಚಿತ್ರವಾಗಿಯೂ ಅವರು ಜನರಿಗೆ ತಲುಪಿಸಿದರು.

ವಾಹನ ಮತ್ತು ರಸ್ತೆಯನ್ನು ಕುರಿತ ಚಿತ್ರಗಳು

ಶಂಕರ್ ನಾಗ್ ಅವರ ಚಿತ್ರಗಳಲ್ಲಿ ವಾಹನ ಮತ್ತು ರಸ್ತೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಈ ಪೈಕಿ ಮೂರು ಚಿತ್ರಗಳನ್ನು ಇಲ್ಲಿ ಉಲ್ಲೇಖಿಸುವುದು ಸೂಕ್ತ.

ಮೊದಲನೆಯದು 1980ರಲ್ಲಿ ತೆರೆಕಂಡ ಮಿಂಚಿನ ಓಟ. ಇದು ಅವರು ನಿರ್ದೇಶಿಸಿದ ಮೊದಲ ಚಿತ್ರ. ಕಾರು ಕದಿಯುವವರ ಬದುಕು, ಸೆರೆವಾಸ ಮತ್ತು ಸೆರೆಯಿಂದ ತಪ್ಪಿಸಿಕೊಳ್ಳುವ ಯತ್ನವನ್ನು ಈ ಚಿತ್ರವು ನಿರೂಪಿಸುತ್ತದೆ. ವೇಗವನ್ನು ನಂಬಿ ಹೊರಟವರು ಕೊನೆಗೆ ಎಲ್ಲಿ ತಲುಪುತ್ತಾರೆ ಎಂಬುದನ್ನು ಯಾವ ಉಪದೇಶವೂ ಇಲ್ಲದೆ ತೋರಿಸಿದ ಈ ಚಿತ್ರಕ್ಕೆ ರಾಜ್ಯ ಪ್ರಶಸ್ತಿಗಳು ಲಭಿಸಿದವು.

ಎರಡನೆಯದು ಅದೇ ವರ್ಷ ತೆರೆಕಂಡ ಆಟೋ ರಾಜ. ಇದರಲ್ಲಿ ಶಂಕರ್ ನಾಗ್ ಅವರು ಆಟೋರಿಕ್ಷಾ ಚಾಲಕನ ಪಾತ್ರವನ್ನು ವಹಿಸಿದರು. ಖಾಕಿ ಅಂಗಿ ತೊಟ್ಟು ದಿನದ ಬಾಡಿಗೆಯಿಂದ ಮನೆ ನಡೆಸುವ ಚಾಲಕನೊಬ್ಬ ಚಿತ್ರದ ನಾಯಕನಾದುದು ಸಾವಿರಾರು ಚಾಲಕರಿಗೆ ಆತ್ಮಗೌರವದ ವಿಷಯವಾಯಿತು. ಅಂದಿನಿಂದ ರಾಜ್ಯದ ಊರೂರುಗಳ ಆಟೋರಿಕ್ಷಾಗಳ ಹಿಂಬದಿಯಲ್ಲಿ ಅವರ ಭಾವಚಿತ್ರವಿದೆ. ಹಲವು ಆಟೋ ನಿಲ್ದಾಣಗಳು ಅವರ ಹೆಸರನ್ನು ಹೊಂದಿವೆ. ಚಿತ್ರ ಬಂದಾಗ ಇನ್ನೂ ಹುಟ್ಟಿರದ ಚಾಲಕರು ಸಹ ಈ ಭಾವಚಿತ್ರವನ್ನು ತಮ್ಮ ವಾಹನದ ಮೇಲೆ ಬರೆಸಿಕೊಳ್ಳುತ್ತಿರುವುದು ಗಮನಾರ್ಹ.

ಮೂರನೆಯದು ಆಕ್ಸಿಡೆಂಟ್ ಎಂಬ ಹೆಸರಿನ ಚಿತ್ರ. ಇದನ್ನು ಶಂಕರ್ ನಾಗ್ ಅವರೇ ನಿರ್ದೇಶಿಸಿ, ತನಿಖೆ ನಡೆಸುವ ಪತ್ರಕರ್ತನ ಪಾತ್ರದಲ್ಲಿ ನಟಿಸಿದರು. ಪ್ರಭಾವಿ ರಾಜಕಾರಣಿಯೊಬ್ಬನ ಮಗ ಅಮಲಿನ ಸ್ಥಿತಿಯಲ್ಲಿ ರಾತ್ರಿ ಕಾರು ಓಡಿಸಿ, ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡವರ ಮೇಲೆ ಹಾಯಿಸುವುದು ಈ ಚಿತ್ರದ ಕಥೆಯ ಆರಂಭ. ತಂದೆಯ ಅಧಿಕಾರವು ಸಾಕ್ಷ್ಯವನ್ನು ಒಂದೊಂದಾಗಿ ಅಳಿಸುವುದು ಅದರ ಮುಂದಿನ ಭಾಗ. ಆ ರಾಜಕಾರಣಿಯ ಪಾತ್ರವನ್ನು ಶ್ರೀ ಅನಂತ್ ನಾಗ್ ಅವರು ನಿರ್ವಹಿಸಿದರು. ಸತ್ತವರಿಗೆ ವಿಳಾಸವಿಲ್ಲ. ಅವರ ಪರವಾಗಿ ದೂರು ಕೊಡುವವರಿಲ್ಲ. ರಸ್ತೆಯಲ್ಲಿ ಸಾಯುವವರಲ್ಲಿ ಹೆಚ್ಚಿನವರು ವಾಹನದ ಒಳಗೆ ಕುಳಿತವರಲ್ಲ, ಹೊರಗಿದ್ದವರು ಎಂಬ ಸಂಗತಿಯನ್ನು ಈ ಚಿತ್ರವು ಪ್ರೇಕ್ಷಕರ ಮುಂದಿಟ್ಟಿತು. ಸಾಮಾಜಿಕ ಸಮಸ್ಯೆಗಳನ್ನು ಕುರಿತ ಅತ್ಯುತ್ತಮ ಚಿತ್ರವೆಂದು ಇದಕ್ಕೆ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ದೊರೆಯಿತು.

ಈ ಚಿತ್ರವು 1985ರಲ್ಲಿ ತೆರೆಕಂಡಾಗ ದೇಶದಲ್ಲಿ ಜಾರಿಯಲ್ಲಿದ್ದುದು 1939ರ ಮೋಟಾರು ವಾಹನಗಳ ಅಧಿನಿಯಮ. ಅದರ ಸ್ಥಾನದಲ್ಲಿ 1988ರ ಅಧಿನಿಯಮವು 1989ನೇ ಇಸವಿ ಜುಲೈ 1ರಿಂದ ಜಾರಿಗೆ ಬಂದಿತು.

ಇತರ ಸಾಧನೆಗಳು

ಶ್ರೀ ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ಅವರು ನಿರ್ದೇಶಿಸಿದ ಮಾಲ್ಗುಡಿ ಡೇಸ್ ಧಾರಾವಾಹಿಯು 1980ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನದಲ್ಲಿ ಪ್ರಸಾರವಾಗಿ ದೇಶದಾದ್ಯಂತ ಜನಪ್ರಿಯವಾಯಿತು. ಇದರ ಚಿತ್ರೀಕರಣದ ಬಹುಭಾಗವು ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ನಡೆಯಿತು. ಸದಾ ಮಳೆ ಸುರಿಯುವ ಊರಿನಲ್ಲಿ, ಸೀಮಿತ ವೆಚ್ಚದಲ್ಲಿ, ಸ್ಥಳೀಯರನ್ನೂ ಸೇರಿಸಿಕೊಂಡು ಇಷ್ಟು ದೊಡ್ಡ ಕೆಲಸವನ್ನು ಅವರು ನಿರ್ವಹಿಸಿದರು.

1987ರಲ್ಲಿ ಡಾ. ರಾಜ್‌ಕುಮಾರ್ ಅವರು ನಾಯಕರಾಗಿದ್ದ ಒಂದು ಮುತ್ತಿನ ಕಥೆ ಎಂಬ ಚಿತ್ರವನ್ನು ನಿರ್ದೇಶಿಸಿದರು. ಇದರಲ್ಲಿ ನೀರಿನಡಿಯ ದೃಶ್ಯಗಳನ್ನು ಚಿತ್ರೀಕರಿಸಿದುದು ಆ ಕಾಲಕ್ಕೆ ಸಾಹಸದ ಕೆಲಸ. ಕನ್ನಡ ಚಿತ್ರಗಳ ಧ್ವನಿಮುದ್ರಣಕ್ಕೆ ಹೊರರಾಜ್ಯಕ್ಕೆ ಹೋಗಬೇಕಾದ ಸ್ಥಿತಿಯನ್ನು ತಪ್ಪಿಸಲು ಬೆಂಗಳೂರಿನಲ್ಲಿ ಸಂಕೇತ್ ಹೆಸರಿನಲ್ಲಿ ಆಧುನಿಕ ಧ್ವನಿಮುದ್ರಣ ಕೇಂದ್ರವನ್ನು ಸ್ಥಾಪಿಸಲಾಯಿತು. 1988ರಲ್ಲಿ ತೆರೆಕಂಡ ಸಾಂಗ್ಲಿಯಾನ ಚಿತ್ರದಲ್ಲಿ ಪ್ರಾಮಾಣಿಕ ಪೊಲೀಸ್ ಅಧಿಕಾರಿಯ ಪಾತ್ರವು ಅವರಿಗೆ ಅಪಾರ ಜನಪ್ರೀತಿ ತಂದಿತು.

ನಗರ ಸಾರಿಗೆಯ ಬಗ್ಗೆಯೂ ಅವರಿಗೆ ವಿಶೇಷ ಆಸಕ್ತಿಯಿತ್ತು. ಬೆಂಗಳೂರಿಗೆ ಮೆಟ್ರೊ ರೈಲು ಬೇಕೆಂಬುದನ್ನು ಅವರು 1980ರ ದಶಕದಲ್ಲಿಯೇ ಪ್ರತಿಪಾದಿಸಿದ್ದರು. ನಂದಿ ಬೆಟ್ಟಕ್ಕೆ ರೋಪ್‌ವೇ ನಿರ್ಮಿಸುವ ಆಲೋಚನೆಯೂ ಅವರದಾಗಿತ್ತು. ಬೆಂಗಳೂರಿನಲ್ಲಿ ಮೆಟ್ರೊ ರೈಲಿನ ಮೊದಲ ಮಾರ್ಗವು 2011ನೇ ಇಸವಿ ಅಕ್ಟೋಬರ್ 20ರಂದು ಆರಂಭವಾಯಿತು. ಅದನ್ನು ಕಾಣಲು ಅವರು ಉಳಿದಿರಲಿಲ್ಲ.

1990ನೇ ಇಸವಿ ಸೆಪ್ಟೆಂಬರ್ 30

ಶ್ರೀ ಚಂದ್ರಶೇಖರ ಕಂಬಾರ ಅವರ ಜೋಕುಮಾರಸ್ವಾಮಿ ನಾಟಕವನ್ನು ಆಧರಿಸಿದ ಚಲನಚಿತ್ರದ ಕೆಲಸಕ್ಕಾಗಿ ಶಂಕರ್ ನಾಗ್ ಅವರು ಪತ್ನಿ ಹಾಗೂ ಬಾಲಕಿಯಾಗಿದ್ದ ಮಗಳೊಂದಿಗೆ ಬೆಂಗಳೂರಿನಿಂದ ಉತ್ತರ ಕರ್ನಾಟಕದ ಕಡೆಗೆ ಕಾರಿನಲ್ಲಿ ಪ್ರಯಾಣ ಹೊರಟಿದ್ದರು. 1990ನೇ ಇಸವಿ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡು ಗ್ರಾಮದ ಬಳಿ ಅವರ ಕಾರು ಲಾರಿಯೊಂದಕ್ಕೆ ಅಪ್ಪಳಿಸಿತು. ಶಂಕರ್ ನಾಗ್ ಅವರು ಮೃತಪಟ್ಟರು. ಶ್ರೀಮತಿ ಅರುಂಧತಿ ನಾಗ್ ಅವರು ತೀವ್ರವಾಗಿ ಗಾಯಗೊಂಡರು. ಅವರು ಮತ್ತು ಮಗಳು ಬದುಕುಳಿದರು. ಶಂಕರ್ ನಾಗ್ ಅವರಿಗೆ 36 ವರ್ಷ ತುಂಬಲು ಇನ್ನೂ 40 ದಿನಗಳು ಬಾಕಿಯಿದ್ದವು.

ದಾವಣಗೆರೆ ತಾಲ್ಲೂಕು ಅಂದು ಚಿತ್ರದುರ್ಗ ಜಿಲ್ಲೆಯ ಭಾಗವಾಗಿತ್ತು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಪಘಾತ ನಡೆದ ರಸ್ತೆಯು ಅಂದು ರಾಷ್ಟ್ರೀಯ ಹೆದ್ದಾರಿ 4 ಎಂದು ಕರೆಯಲ್ಪಡುತ್ತಿದ್ದ ಪುಣೆ ಬೆಂಗಳೂರು ರಸ್ತೆ. ಈಗ ಅದರ ಸಂಖ್ಯೆ 48. ಎರಡು ದಿಕ್ಕಿನ ವಾಹನಗಳೂ ಒಂದೇ ರಸ್ತೆಯಲ್ಲಿ ಎದುರುಬದುರಾಗಿ ಸಾಗುತ್ತಿದ್ದ ಕಾಲ ಅದು. ನಡುವೆ ವಿಭಜಕವಿರಲಿಲ್ಲ. ಚಳ್ಳಕೆರೆ ಮತ್ತು ಮೊಳಕಾಲ್ಮೂರಿನ ಅನೇಕ ಹಿರಿಯರು ಆ ರಸ್ತೆಯಲ್ಲಿ ಶೇಂಗಾ, ಎಣ್ಣೆ ಮತ್ತು ಕಂಬಳಿಯ ಲೋಡಿನೊಂದಿಗೆ ಓಡಾಡಿದವರು. ರಾತ್ರಿಯ ಪ್ರಯಾಣ ಎಂದರೆ ಏನೆಂಬುದು ಅವರಿಗೆ ವಿವರಿಸಬೇಕಾದ ಸಂಗತಿಯಲ್ಲ.

ಆ ಅಪಘಾತದಲ್ಲಿ ಯಾರ ತಪ್ಪು ಎಷ್ಟು ಎಂಬುದನ್ನು ನಿರ್ಣಯಿಸುವುದು ಈ ಲೇಖನದ ಉದ್ದೇಶವಲ್ಲ. ರಸ್ತೆಯಲ್ಲಿ ಆಗುವ ನಷ್ಟಕ್ಕೆ ಹೆಸರು, ಕೀರ್ತಿ ಅಥವಾ ವಯಸ್ಸಿನ ವಿನಾಯಿತಿ ಇರುವುದಿಲ್ಲ ಎಂಬುದಷ್ಟೇ ಇಲ್ಲಿ ಗಮನಿಸಬೇಕಾದ ಅಂಶ. ಅಪಘಾತವನ್ನು ಕುರಿತು ಚಿತ್ರ ನಿರ್ದೇಶಿಸಿದವರು ಐದು ವರ್ಷಗಳ ತರುವಾಯ ಅಪಘಾತದಲ್ಲಿಯೇ ನಿಧನರಾದರು. ಅವರು ಮಾಡಬೇಕೆಂದಿದ್ದ ಕೆಲಸಗಳ ಬೆಲೆಯನ್ನು ಯಾವ ಪರಿಹಾರದ ಮೊತ್ತವೂ ತುಂಬಿಕೊಡಲಾರದು. ಆದರೆ ಅದೇ ವರ್ಷ ಇದೇ ಜಿಲ್ಲೆಯ ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡ, ಪತ್ರಿಕೆಗಳಲ್ಲಿ ಹೆಸರು ಬಾರದ ಲಾರಿ ಚಾಲಕ, ಕೂಲಿಯಾಳು ಅಥವಾ ಸೈಕಲ್ ಸವಾರನ ಮನೆಯಲ್ಲಿಯೂ ಶೂನ್ಯವು ಅಷ್ಟೇ ಆಗಿತ್ತು ಎಂಬುದನ್ನು ಮರೆಯಲಾಗದು.

ಅಂದು ಇಲ್ಲದಿದ್ದ ಸೌಲಭ್ಯಗಳು

1990ರಲ್ಲಿ ಇಲ್ಲದಿದ್ದ ಕೆಲವು ಸೌಲಭ್ಯಗಳು ಮತ್ತು ಕಾನೂನುಗಳು ಈಗ ಸಾರ್ವಜನಿಕರಿಗೆ ಲಭ್ಯವಿವೆ. ಅವುಗಳನ್ನು ಈ ಕೆಳಗಿನಂತೆ ವಿವರಿಸಲಾಗಿದೆ.

ತುರ್ತು ಕರೆ: 108 ಆಂಬುಲೆನ್ಸ್ ಸೇವೆಯು ಕರ್ನಾಟಕದಲ್ಲಿ 2008ರಲ್ಲಿ ಆರಂಭವಾಯಿತು. ಬೆಂಕಿ ಹಾಗೂ ರಕ್ಷಣಾ ಕಾರ್ಯಕ್ಕೆ 101, ಎಲ್ಲ ಬಗೆಯ ತುರ್ತು ನೆರವಿಗೆ 112, ರಾಷ್ಟ್ರೀಯ ಹೆದ್ದಾರಿಗಳಲ್ಲಿ ನೆರವಿಗೆ 1033 ಸಂಖ್ಯೆಗಳಿವೆ. ನಜ್ಜುಗುಜ್ಜಾದ ವಾಹನದಲ್ಲಿ ಸಿಲುಕಿದವರನ್ನು ಹೊರತೆಗೆಯುವುದು ಸಹ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಕರ್ತವ್ಯವಾಗಿರುತ್ತದೆ. ಬೆಂಕಿ ಬಿದ್ದಾಗ ಮಾತ್ರ ಕರೆಯಬೇಕೆಂಬ ತಿಳಿವಳಿಕೆ ಸರಿಯಲ್ಲ.

ಸೀಟ್ ಬೆಲ್ಟ್: ಕಾರುಗಳ ಮುಂದಿನ ಆಸನಗಳಿಗೆ ಬೆಲ್ಟ್ ಅಳವಡಿಸುವುದು ಕಡ್ಡಾಯವಾದದ್ದು 1994ರಿಂದ ಈಚೆಗೆ. ಈಗ ಹಿಂದಿನ ಆಸನದಲ್ಲಿ ಕುಳಿತವರೂ ಬೆಲ್ಟ್ ಧರಿಸತಕ್ಕದ್ದು. ತಪ್ಪಿದಲ್ಲಿ ಮೋಟಾರು ವಾಹನಗಳ ಅಧಿನಿಯಮದ ಕಲಂ 194ಬಿ ಅನ್ವಯ 1000 ರೂಪಾಯಿ ದಂಡಕ್ಕೆ ಅವಕಾಶವಿದೆ.

ಅಮಲಿನಲ್ಲಿ ಚಾಲನೆ: 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂಗಿಂತ ಹೆಚ್ಚು ಮದ್ಯಾಂಶವಿದ್ದಲ್ಲಿ ಕಲಂ 185ರ ಅನ್ವಯ ಅಪರಾಧವಾಗುತ್ತದೆ. ಮೊದಲ ಅಪರಾಧಕ್ಕೆ 6 ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ನೆರವು ನೀಡುವವರಿಗೆ ರಕ್ಷಣೆ: ಗಾಯಾಳುವಿಗೆ ಸದ್ಭಾವನೆಯಿಂದ ನೆರವು ನೀಡಿದವರನ್ನು ಯಾವುದೇ ಸಿವಿಲ್ ಅಥವಾ ಕ್ರಿಮಿನಲ್ ಹೊಣೆಗೆ ಗುರಿಪಡಿಸುವಂತಿಲ್ಲ ಎಂದು 2019ರ ತಿದ್ದುಪಡಿಯ ಮೂಲಕ ಸೇರಿಸಲಾದ ಕಲಂ 134ಎ ತಿಳಿಸುತ್ತದೆ. ಪೊಲೀಸ್ ಠಾಣೆ, ನ್ಯಾಯಾಲಯ ಎಂಬ ಹೆದರಿಕೆಯಿಂದ ಗಾಯಾಳುವನ್ನು ರಸ್ತೆಯಲ್ಲಿ ಬಿಟ್ಟು ಹೋಗುವ ಅಗತ್ಯವಿಲ್ಲ. ಗಾಯವಾದ ನಂತರದ ಮೊದಲ ಒಂದು ಗಂಟೆಯಲ್ಲಿ ಚಿಕಿತ್ಸೆ ದೊರೆತರೆ ಪ್ರಾಣ ಉಳಿಯುವ ಸಾಧ್ಯತೆ ಹೆಚ್ಚು.

ಅಗ್ನಿಶಾಮಕ ವಾಹನದ ಚಾಲನೆ

ತುರ್ತು ಕರೆಗೆ ಹೊರಟ ಅಗ್ನಿಶಾಮಕ ವಾಹನವು ವೇಗವಾಗಿ ತಲುಪಬೇಕೆಂಬುದು ಎಲ್ಲರ ನಿರೀಕ್ಷೆ. ಆದರೆ ತಲುಪದೇ ಹೋದ ವಾಹನದಿಂದ ಯಾವ ಬೆಂಕಿಯೂ ಆರುವುದಿಲ್ಲ. ಈ ವಾಹನದ ಸ್ವರೂಪವು ಸಾಮಾನ್ಯ ಲಾರಿಗಿಂತ ಭಿನ್ನ. 4500 ಲೀಟರ್ ನೀರು ತುಂಬಿದ ಟ್ಯಾಂಕ್‌ನಲ್ಲಿ ನೀರಿನ ತೂಕವೇ 4500 ಕಿಲೋಗ್ರಾಂ ಇರುತ್ತದೆ. ಮೂಟೆಯಂತೆ ಈ ತೂಕವು ಒಂದೇ ಸ್ಥಳದಲ್ಲಿ ನಿಲ್ಲುವುದಿಲ್ಲ. ತಿರುವಿನಲ್ಲಿ ಪಕ್ಕಕ್ಕೆ, ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುತ್ತದೆ. ಟ್ಯಾಂಕ್‌ನ ಒಳಗೆ ತಡೆ ತಗಡುಗಳಿದ್ದರೂ ಈ ಚಲನೆ ಪೂರ್ಣವಾಗಿ ನಿಲ್ಲದು. ಅರ್ಧ ತುಂಬಿದ ಟ್ಯಾಂಕ್‌ನಲ್ಲಿ ನೀರಿಗೆ ಓಡಾಡಲು ಹೆಚ್ಚು ಜಾಗವಿರುವುದರಿಂದ ಅದು ತುಂಬಿದ ಟ್ಯಾಂಕ್‌ಗಿಂತಲೂ ಅಪಾಯಕಾರಿ. ಆದ್ದರಿಂದ ಟ್ಯಾಂಕ್ ಪೂರ್ಣ ತುಂಬಿರುವಂತೆ ನೋಡಿಕೊಳ್ಳುವುದು ಹಾಗೂ ತಿರುವಿಗೆ ಮೊದಲೇ ವೇಗ ತಗ್ಗಿಸುವುದು ಚಾಲಕರ ಮೊದಲ ಪಾಠವಾಗಿರುತ್ತದೆ.

ವೇಗದ ಲಾಭ ಮತ್ತು ನಷ್ಟವನ್ನು ಲೆಕ್ಕ ಹಾಕಿ ನೋಡಬಹುದು. ಠಾಣೆಯಿಂದ 20 ಕಿ.ಮೀ. ದೂರದ ಗ್ರಾಮಕ್ಕೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ 20 ನಿಮಿಷ, 80 ಕಿ.ಮೀ. ವೇಗದಲ್ಲಿ ಹೋದರೆ 15 ನಿಮಿಷ ಬೇಕು. ಉಳಿತಾಯ 5 ನಿಮಿಷ. ಇದಕ್ಕೆ ಪ್ರತಿಯಾಗಿ, ಬ್ರೇಕ್ ಒತ್ತಿದ ನಂತರ ವಾಹನ ನಿಲ್ಲಲು ಬೇಕಾಗುವ ದೂರವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಸುಮಾರು ಒಂದೂ ಮುಕ್ಕಾಲು ಪಟ್ಟಿಗೂ ತುಸು ಹೆಚ್ಚಾಗುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ವಾಹನವು ಪ್ರತಿ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಚಾಲಕರು ಅಡ್ಡ ಬಂದ ಎಮ್ಮೆಯನ್ನು ಕಂಡು ಬ್ರೇಕ್‌ನ ಮೇಲೆ ಕಾಲಿಡುವಷ್ಟರಲ್ಲಿಯೇ ಈ ದೂರ ಕಳೆದಿರುತ್ತದೆ. ಆ 5 ನಿಮಿಷಗಳನ್ನು ರಸ್ತೆಯ ವೇಗದಿಂದ ಗಳಿಸುವುದಕ್ಕಿಂತ, ಕರೆ ಬಂದೊಡನೆ ಠಾಣೆಯಿಂದ ಹೊರಡುವ ಸನ್ನದ್ಧತೆಯಿಂದ, ಕರೆ ಮಾಡಿದವರು ಸ್ಥಳದ ಗುರುತನ್ನು ಸರಿಯಾಗಿ ತಿಳಿಸುವುದರಿಂದ ಮತ್ತು ದಾರಿಯಲ್ಲಿ ಇತರರು ಜಾಗ ಬಿಡುವುದರಿಂದ ಗಳಿಸುವುದು ಲೇಸು.

ಸ್ಥಳಕ್ಕೆ ತಲುಪಿದ ಮೇಲೆಯೂ ಎಚ್ಚರಿಕೆ ಅಗತ್ಯ. ವಾಹನದ ಪಂಪು ಅದೇ ಎಂಜಿನ್‌ನ ಶಕ್ತಿಯಿಂದ ನಡೆಯುವುದರಿಂದ, ಕೈ ಬ್ರೇಕ್ ಹಾಕಿ ಚಕ್ರಗಳಿಗೆ ಅಡೆ ಕೊಟ್ಟ ನಂತರವೇ ಪಂಪನ್ನು ಚಾಲನೆ ಮಾಡತಕ್ಕದ್ದು. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ, ವಿದ್ಯುತ್ ತಂತಿಗಳ ಅಡಿಯಲ್ಲಿ ಅಥವಾ ಮೆತ್ತನೆಯ ಎರೆ ಮಣ್ಣಿನ ಅಂಚಿನಲ್ಲಿ ವಾಹನವನ್ನು ನಿಲ್ಲಿಸಬಾರದು. ಹಿಂದಕ್ಕೆ ಚಲಿಸುವಾಗ ಸಿಬ್ಬಂದಿಯೊಬ್ಬರು ಇಳಿದು ದಾರಿ ತೋರಿಸತಕ್ಕದ್ದು. ಸಿಬ್ಬಂದಿ ಎಲ್ಲರೂ ಕುಳಿತ ನಂತರವೇ ವಾಹನ ಹೊರಡಬೇಕು.

ಸೈರನ್ ಮತ್ತು ದೀಪವು ದಾರಿಯನ್ನು ಕೋರುವ ಸಾಧನಗಳೇ ಹೊರತು ದಾರಿ ಸಿಕ್ಕಿದೆ ಎಂಬುದಕ್ಕೆ ಖಾತರಿಯಲ್ಲ. 2017ರ ಚಾಲನಾ ವಿನಿಯಮಗಳಲ್ಲಿ ತುರ್ತು ವಾಹನಗಳ ಆದ್ಯತೆಯನ್ನು ನಿಗದಿಪಡಿಸಲಾಗಿದ್ದು, ಅಗ್ನಿಶಾಮಕ ವಾಹನ ಮೊದಲನೆಯದು, ಆಂಬುಲೆನ್ಸ್ ಎರಡನೆಯದು, ಪೊಲೀಸ್ ವಾಹನ ಮೂರನೆಯದು. ಕೆಂಪು ದೀಪವನ್ನು ದಾಟಲು ತುರ್ತು ವಾಹನಕ್ಕೆ ಅವಕಾಶವಿದ್ದರೂ ಅದನ್ನು ಸೂಕ್ತ ಎಚ್ಚರಿಕೆಯಿಂದಲೇ ಬಳಸತಕ್ಕದ್ದು. ದಾರಿ ಬಿಡದಿರುವವರಿಗೆ ಕಲಂ 194ಇ ಅನ್ವಯ 6 ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ನಾಗರಿಕರ ಗಮನಕ್ಕೆ

ಹಿರಿಯೂರಿನಿಂದ ಚಳ್ಳಕೆರೆ, ತಳಕು, ಬಿ.ಜಿ. ಕೆರೆ, ರಾಂಪುರಗಳ ಮೂಲಕ ಬಳ್ಳಾರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ ಈ ಎರಡೂ ತಾಲ್ಲೂಕುಗಳ ಮುಖ್ಯ ರಸ್ತೆಯಾಗಿರುತ್ತದೆ. ಉದ್ದನೆಯ ನೇರ ರಸ್ತೆ, ಬಯಲು ಸೀಮೆಯ ಬಿಸಿಲು ಮತ್ತು ರಾತ್ರಿಯ ಭಾರಿ ವಾಹನಗಳು ಇಲ್ಲಿನ ಲಕ್ಷಣ. ನೇರ ರಸ್ತೆಯಲ್ಲಿ ವೇಗ ಅರಿವಿಗೆ ಬಾರದೆ ಏರುತ್ತದೆ ಮತ್ತು ನಿದ್ರೆ ಬೇಗ ಆವರಿಸುತ್ತದೆ. ಬೇಸಿಗೆಯಲ್ಲಿ ಹುಲ್ಲಿನ ಬಣವೆ, ಶೇಂಗಾ ಹೊಟ್ಟಿನ ರಾಶಿ, ಎಣ್ಣೆ ಮಿಲ್ಲುಗಳು ಮತ್ತು ಕಾವಲಿನ ಒಣಹುಲ್ಲಿಗೆ ಬೆಂಕಿ ತಗಲುವ ಸಂಭವ ಹೆಚ್ಚಿರುವುದರಿಂದ ಅಗ್ನಿಶಾಮಕ ವಾಹನಗಳು ಇದೇ ರಸ್ತೆಗಳಲ್ಲಿ ಓಡಾಡಬೇಕಾಗುತ್ತದೆ. ಆದ್ದರಿಂದ ಸಾರ್ವಜನಿಕರು ಕೆಳಕಂಡ ಅಂಶಗಳನ್ನು ಪಾಲಿಸುವಂತೆ ಕೋರಲಾಗಿದೆ.

1. ರಸ್ತೆಯ ಮೇಲೆ ಹುರುಳಿ, ನವಣೆ, ರಾಗಿ ಮುಂತಾದ ಬೆಳೆಗಳನ್ನು ಹರಡಿ ಒಕ್ಕಣೆ ಮಾಡಬಾರದು. ಹುಲ್ಲು ಚಕ್ರಕ್ಕೆ ಸುತ್ತಿಕೊಂಡು ವಾಹನಕ್ಕೇ ಬೆಂಕಿ ತಗಲಬಹುದು. ದ್ವಿಚಕ್ರ ವಾಹನಗಳು ಜಾರಿ ಬೀಳುತ್ತವೆ.

2. ಕೆಟ್ಟು ನಿಂತ ಲಾರಿ ಮತ್ತು ಟ್ರ್ಯಾಕ್ಟರ್‌ಗಳನ್ನು ರಸ್ತೆಯಿಂದ ಸಂಪೂರ್ಣ ಪಕ್ಕಕ್ಕೆ ಸರಿಸಿ, ಹಿಂಬದಿಯ ದೀಪ ಹಾಗೂ ಪ್ರತಿಫಲಕ ತ್ರಿಕೋನವನ್ನು ಇಡತಕ್ಕದ್ದು. ಕಲ್ಲು ಇಟ್ಟು ಗುರುತು ಮಾಡಿ, ಹೊರಡುವಾಗ ಆ ಕಲ್ಲನ್ನು ಅಲ್ಲಿಯೇ ಬಿಟ್ಟು ಹೋಗಬಾರದು.

3. ಟ್ರ್ಯಾಕ್ಟರ್ ಟ್ರೈಲರ್ ಮತ್ತು ಎತ್ತಿನ ಗಾಡಿಗಳ ಹಿಂಬದಿಗೆ ಪ್ರತಿಫಲಿಸುವ ಪಟ್ಟಿಯನ್ನು ಅಂಟಿಸತಕ್ಕದ್ದು.

4. ಸೈರನ್ ಕೇಳಿದಾಗ ಗಾಬರಿಯಿಂದ ನಡುರಸ್ತೆಯಲ್ಲಿ ನಿಲ್ಲಬಾರದು. ಸೂಚನೆ ನೀಡಿ ಎಡಕ್ಕೆ ಸರಿದು ನಿಧಾನಿಸಬೇಕು. ಅಗ್ನಿಶಾಮಕ ವಾಹನದ ಹಿಂದೆಯೇ ತಮ್ಮ ವಾಹನವನ್ನು ಓಡಿಸಿಕೊಂಡು ಹೋಗಬಾರದು.

5. ನಾಯಕನಹಟ್ಟಿ ಜಾತ್ರೆಯಂತಹ ಜನಸಂದಣಿಯ ಸಂದರ್ಭಗಳಲ್ಲಿ ಅಂಗಡಿ ಮತ್ತು ವಾಹನಗಳ ನಡುವೆ ತುರ್ತು ವಾಹನ ಸಾಗುವಷ್ಟು ದಾರಿಯನ್ನು ಬಿಡತಕ್ಕದ್ದು.

6. ಕರೆ ಮಾಡುವಾಗ ಗ್ರಾಮದ ಹೆಸರು, ಹೋಬಳಿ, ಹತ್ತಿರದ ದೇವಸ್ಥಾನ ಅಥವಾ ಶಾಲೆ, ಏನು ಉರಿಯುತ್ತಿದೆ ಹಾಗೂ ದೊಡ್ಡ ವಾಹನ ಬರುವ ದಾರಿ ಯಾವುದು ಎಂಬುದನ್ನು ತಿಳಿಸಬೇಕು. ಒಂದೇ ಹೆಸರಿನ ಗ್ರಾಮಗಳು ಹಾಗೂ ಹಟ್ಟಿಗಳು ಇರುವುದರಿಂದ ಹೋಬಳಿಯ ಹೆಸರು ಮುಖ್ಯ. ಸಾಧ್ಯವಾದಲ್ಲಿ ಒಬ್ಬರು ಮುಖ್ಯರಸ್ತೆಯ ಕ್ರಾಸ್‌ನಲ್ಲಿ ನಿಂತು ದಾರಿ ತೋರಿಸಬೇಕು.

7. ಸುಳ್ಳು ಕರೆ ಮಾಡಬಾರದು. ಸುಳ್ಳು ಕರೆಗೆ ಹೋದ ವಾಹನವು ಅದೇ ಸಮಯದಲ್ಲಿ ಬೇರೊಂದು ಊರಿನಲ್ಲಿ ಉರಿಯುತ್ತಿರುವ ಮನೆಗೆ ಲಭ್ಯವಾಗುವುದಿಲ್ಲ.

ನಂತರದ ಸ್ಮರಣೆ

ಶಂಕರ್ ನಾಗ್ ಅವರ ನಿಧನದ ನಂತರ ಶ್ರೀಮತಿ ಅರುಂಧತಿ ನಾಗ್ ಅವರು ದೀರ್ಘ ಚಿಕಿತ್ಸೆಯಿಂದ ಚೇತರಿಸಿಕೊಂಡು ರಂಗಭೂಮಿಯ ಕೆಲಸವನ್ನು ಮುಂದುವರಿಸಿದರು. ನಾಟಕಗಳಿಗಾಗಿಯೇ ಒಂದು ಸುಸಜ್ಜಿತ ರಂಗಮಂದಿರ ಬೇಕೆಂಬ ಆಶಯವು ಅವರ ಶ್ರಮದಿಂದ ಈಡೇರಿ, 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ರಂಗ ಶಂಕರ ಎಂಬ ಹೆಸರಿನಲ್ಲಿ ಆರಂಭವಾಯಿತು. ಅಲ್ಲಿ ಇಂದಿಗೂ ನಾಟಕಗಳು ನಡೆಯುತ್ತಿವೆ.

ಇನ್ನೊಂದು ಸ್ಮಾರಕವು ಯಾವ ಕಟ್ಟಡವೂ ಇಲ್ಲದೆ ರಸ್ತೆಗಳಲ್ಲಿ ಸಂಚರಿಸುತ್ತಿದೆ. ಅದು ಆಟೋರಿಕ್ಷಾಗಳ ಹಿಂಬದಿಯ ಭಾವಚಿತ್ರ. ಹಿಂದಿನಿಂದ ಬರುವ ಪ್ರತಿಯೊಬ್ಬ ಚಾಲಕರ ಕಣ್ಣಿಗೂ ಅದು ಬೀಳುತ್ತದೆ. ಆ ಭಾವಚಿತ್ರದಲ್ಲಿರುವವರು 35ನೇ ವಯಸ್ಸಿನಲ್ಲಿ ರಸ್ತೆಯಲ್ಲಿ ಅಗಲಿದವರು ಎಂಬುದನ್ನು ನೆನೆದು ಚಾಲಕರು ತುಸು ಅಂತರ ಕಾಯ್ದುಕೊಂಡರೆ, ಅದಕ್ಕಿಂತ ಮಿಗಿಲಾದ ಗೌರವ ಬೇರೆ ಇರಲಾರದು.

ಸುರಕ್ಷತೆ ಹಾಗೂ ಸೇವೆಗಳ ಕುರಿತ ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ಸಮೀಪದ ಅಗ್ನಿಶಾಮಕ ಠಾಣೆಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ. ತುರ್ತು ಸಂದರ್ಭದಲ್ಲಿ ಅರ್ಜಿಯ ಅಗತ್ಯವಿರುವುದಿಲ್ಲ. ಹಗಲು ರಾತ್ರಿ ಯಾವುದೇ ವೇಳೆಯಲ್ಲಿ 101 ಅಥವಾ 112ಕ್ಕೆ ಕರೆ ಮಾಡುವುದು.